ನದಿ ಇಲ್ಲದ ತಾಲ್ಲೂಕು ಎಂದವರು ಯಾರು?

"ನಮ್ಮ ತಾಲ್ಲೂಕಿನಲ್ಲಿ ನದಿ ಇಲ್ಲ." ಈ ಮಾತನ್ನು ಕಂದಿಕೆರೆಯ ಬಸ್ ಸ್ಟಾಪಿನಲ್ಲಿ ಕೇಳಿದ್ದೇನೆ, ತೆಂಗಿನಕಾಯಿ ಸುಲಿಯುವ ಕಡೆ ಕೇಳಿದ್ದೇನೆ, ಚುನಾವಣೆ ಬಂದಾಗ ಮೈಕಿನಲ್ಲಂತೂ ಬೇಕಾದಷ್ಟು ಸಲ ಕೇಳಿದ್ದೇನೆ. ನಮ್ಮ ಕಾಲೇಜಿನಲ್ಲೂ ಇದೇ ಮಾತು. ಲಂಡನ್ ಯಾವ ನದಿಯ ದಡದಲ್ಲಿದೆ ಎಂದು ಕೇಳಿದರೆ ಇಡೀ ಕ್ಲಾಸು ಥೇಮ್ಸ್ ಎನ್ನುತ್ತದೆ. ಕೈರೋ ಎಂದರೆ ನೈಲ್, ಬಾಗ್ದಾದ್ ಎಂದರೆ ಟೈಗ್ರಿಸ್. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ನದಿ ಯಾವುದು ಎಂದು ಕೇಳಿ ನೋಡಿ, ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕೊನೆಗೆ ಯಾರೋ ಒಬ್ಬರು "ಹೇಮಾವತಿ ಕಾಲುವೆ" ಎನ್ನುತ್ತಾರೆ. ಕಾಲುವೆಯನ್ನು ಜೆಸಿಬಿ ತೋಡುತ್ತದೆ, ನದಿಯನ್ನಲ್ಲ.

ನಮ್ಮಲ್ಲಿ ನದಿ ಇಲ್ಲ ಎಂಬ ಮಾತು ಸುಳ್ಳು. ಅಷ್ಟೇ ಆಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ಅದು ನಮಗೆಲ್ಲ ಬಹಳ ಅನುಕೂಲವಾದ ಸುಳ್ಳು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನದಿ ಎಲ್ಲಿದೆ ಎಂದು ಹೇಳಿಬಿಡುತ್ತೇನೆ. ಅದರ ಹೆಸರು ಸುವರ್ಣಮುಖಿ. ನಮ್ಮ ತಾಲ್ಲೂಕಿನ ಉತ್ತರ ಭಾಗದ ಗುಡ್ಡಗಳಿಂದ ಇಳಿಯುವ ಹಳ್ಳಗಳು ಒಂದೊಂದೇ ಕೂಡಿ ಈ ನದಿಯಾಗುತ್ತವೆ. ಹುಳಿಯಾರು ಕಡೆಯವರಿಗೆ ಬೋರನಕಣಿವೆ ಗೊತ್ತು. ಎರಡು ಗುಡ್ಡಗಳ ನಡುವಿನ ಸಂದಿಗೆ ಅಡ್ಡ ಕಟ್ಟಿದ ಆ ಜಲಾಶಯ ನಿಂತಿರುವುದು ಈ ಸುವರ್ಣಮುಖಿಗೆ ಅಡ್ಡಲಾಗಿಯೇ. ಅಲ್ಲಿಗೆ ಪ್ರವಾಸ ಹೋಗಿ ಫೋಟೋ ತೆಗೆಸಿಕೊಂಡವರೂ ಮನೆಗೆ ಬಂದು ನಮ್ಮಲ್ಲಿ ನದಿ ಇಲ್ಲ ಎನ್ನುತ್ತಾರೆ! ಹಾಗಾದರೆ ಆ ಡ್ಯಾಮನ್ನು ಯಾವುದಕ್ಕೆ ಕಟ್ಟಿದರು ಅಂತ ಕೇಳಬೇಕು ಅನ್ನಿಸುತ್ತದೆ.

ಅಲ್ಲಿಂದ ಮುಂದೆ ಸುವರ್ಣಮುಖಿ ಉತ್ತರಕ್ಕೆ ಹೋಗಿ ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಯನ್ನು ಸೇರುತ್ತದೆ. ವೇದಾವತಿಯ ಕಥೆ ಶುರುವಾಗುವುದು ಚಿಕ್ಕಮಗಳೂರಿನ ಬಾಬಾಬುಡನ್ ಗಿರಿಶ್ರೇಣಿಯಲ್ಲಿ. 17ನೇ ಶತಮಾನದಲ್ಲಿ ಯೆಮನ್‌ನಿಂದ ಕಾಫಿ ಬೀಜ ತಂದರೆಂದು ನಾವೆಲ್ಲ ಕೇಳಿರುವ ಬಾಬಾ ಬುಡನ್ ಹೆಸರಿನ ಅದೇ ಬೆಟ್ಟ. ಅಲ್ಲಿ ವೇದಾ, ಅವತಿ ಎಂಬ ಎರಡು ಹೊಳೆಗಳು ಹುಟ್ಟುತ್ತವೆ. ಒಂದು ಅಯ್ಯನಕೆರೆಗೆ, ಇನ್ನೊಂದು ಮದಗದ ಕೆರೆಗೆ ನೀರು ಕೊಟ್ಟು ಕಡೂರಿನ ಹತ್ತಿರ ಒಂದಾಗಿ ವೇದಾವತಿಯಾಗುತ್ತವೆ. ಹೊಸದುರ್ಗ ದಾಟಿ, ಮಾರಿಕಣಿವೆಯಲ್ಲಿ ತುಂಬಿ, ಹಿರಿಯೂರಿನ ಕಡೆ ನಮ್ಮ ನೀರನ್ನೂ ಕೂಡಿಸಿಕೊಂಡು ಚಳ್ಳಕೆರೆ ಸೀಮೆಗೆ ಹೋಗುತ್ತದೆ. ಆಮೇಲೆ ಆಂಧ್ರದ ಅನಂತಪುರ ಜಿಲ್ಲೆಗೆ ಹೊಕ್ಕು, ಮತ್ತೆ ಬಳ್ಳಾರಿಯ ಕಡೆ ತಿರುಗುತ್ತದೆ. ಬಳ್ಳಾರಿಯವರು ಅದನ್ನು ವೇದಾವತಿ ಎನ್ನುವುದಿಲ್ಲ, ಹಗರಿ ಎನ್ನುತ್ತಾರೆ. ಸಿರುಗುಪ್ಪದ ಕಡೆ ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ, ಶ್ರೀಶೈಲ, ನಾಗಾರ್ಜುನ ಸಾಗರ ದಾಟಿ ಬಂಗಾಳ ಕೊಲ್ಲಿಗೆ. ವೇದಾವತಿ ಒಂದರ ಉದ್ದವೇ ಸುಮಾರು 391 ಕಿಲೋಮೀಟರ್. ಇಡೀ ಇಂಗ್ಲೆಂಡ್ ಹೆಮ್ಮೆಯಿಂದ ಹೇಳಿಕೊಳ್ಳುವ ಥೇಮ್ಸ್ 346 ಕಿಲೋಮೀಟರ್.

ಒಂದು ಮಾತು. ಸುವರ್ಣಮುಖಿ ಎಂದು ಮೊಬೈಲಿನಲ್ಲಿ ಹುಡುಕಿದರೆ ಮೊದಲು ಬರುವುದು ಶ್ರೀಕಾಳಹಸ್ತಿಯ ಸುವರ್ಣಮುಖಿ. ಬನ್ನೇರುಘಟ್ಟದ ಕಡೆಯೂ ಅದೇ ಹೆಸರಿನ ಇನ್ನೊಂದು ಇದೆ. ನಮ್ಮದು ಸಿಗಬೇಕಾದರೆ ಬೋರನಕಣಿವೆ ಎಂದೂ ಸೇರಿಸಿ ಹುಡುಕಬೇಕು. ಹೆಸರನ್ನು ನಾವೇ ಹೇಳದಿದ್ದರೆ ಗೂಗಲ್ ಯಾಕೆ ಹೇಳುತ್ತದೆ?

ಇನ್ನು ತಾಲ್ಲೂಕಿನ ದಕ್ಷಿಣದ ಕಡೆ ಬನ್ನಿ. ಅಲ್ಲಿಯ ಮಳೆನೀರು ಉತ್ತರಕ್ಕೆ ಹೋಗುವುದಿಲ್ಲ. ಅದು ಗುಬ್ಬಿ, ತುರುವೇಕೆರೆ ಕಡೆ ಇಳಿದು ಶಿಂಷಾ ನದಿಯ ಲೆಕ್ಕಕ್ಕೆ ಹೋಗುತ್ತದೆ. ಶಿಂಷಾ ಹುಟ್ಟುವುದು ತುಮಕೂರಿನ ದೇವರಾಯನದುರ್ಗದಲ್ಲಿ. ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ದೊಡ್ಡ ಕೆರೆ ತುಂಬುತ್ತದೆ. ಆ ಕೆರೆಯನ್ನು ಸೀತೆಯ ಮಾತಿಗೆ ಒಪ್ಪಿ ರಾಮ ಕಟ್ಟಿಸಿದ ಎಂದು ಅಲ್ಲಿಯವರು ಹೇಳುತ್ತಾರೆ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಡ್ಯಾಮಿನಲ್ಲಿ ಮತ್ತೆ ನಿಲ್ಲುತ್ತದೆ. ಆ ಡ್ಯಾಮಿನ ವಿಶೇಷ ಏನೆಂದರೆ ನೀರು ಒಂದು ಮಟ್ಟ ಮೀರಿದರೆ ಯಾರೂ ಗೇಟು ಎತ್ತಬೇಕಿಲ್ಲ, ಸೈಫನ್ ತಾನೇ ಕೆಲಸ ಶುರು ಮಾಡುತ್ತದೆ. ಅಲ್ಲಿಂದ ಮದ್ದೂರು. ಬೆಂಗಳೂರು–ಮೈಸೂರು ದಾರಿಯಲ್ಲಿ ಮದ್ದೂರು ವಡೆ ತಿಂದವರೆಲ್ಲ ನಮ್ಮ ನೀರನ್ನು ದಾಟಿಯೇ ಹೋಗಿರುತ್ತಾರೆ. ಮಳವಳ್ಳಿ ಕಡೆ ಶಿಂಷಾಪುರದಲ್ಲಿ ಜಲಪಾತವಾಗಿ ಧುಮುಕಿ, ಸುಮಾರು 221 ಕಿಲೋಮೀಟರ್ ಹರಿದ ಮೇಲೆ ಕಾವೇರಿಗೆ ಸೇರುತ್ತದೆ.

ಅಂದರೆ ನಾವು ಕೂತಿರುವುದು ನೀರಿನ ಗಡಿಯ ಮೇಲೆ. ನಮ್ಮ ಗುಡ್ಡದ ನೆತ್ತಿಯ ಮೇಲೆ ಬಿದ್ದ ಒಂದು ಹನಿ ಬಲಕ್ಕೆ ಜಾರಿದರೆ ಕೃಷ್ಣೆ, ಎಡಕ್ಕೆ ಜಾರಿದರೆ ಕಾವೇರಿ. ಎರಡೂ ಒಂದೇ ಸಮುದ್ರಕ್ಕೆ ಹೋಗುತ್ತವೆ, ಆದರೆ ನಡುವೆ ಎಷ್ಟೋ ಜಿಲ್ಲೆ, ನಾಲ್ಕು ರಾಜ್ಯ, ಲೆಕ್ಕವಿಲ್ಲದಷ್ಟು ಗದ್ದೆ. ನಮ್ಮ ಜಿಲ್ಲೆಯ ಪೂರ್ವಕ್ಕೆ ಹೋದರೆ ಜಯಮಂಗಲಿಯ ನೀರು ಮೂರನೆಯ ದಾರಿ ಹಿಡಿದು ಉತ್ತರ ಪಿನಾಕಿನಿಗೆ ಹೋಗುತ್ತದೆ. ಒಂದೇ ಜಿಲ್ಲೆ ಮೂರು ದೊಡ್ಡ ನದಿ ಕೊಳ್ಳಗಳಿಗೆ ತವರು. ಇಂಥ ಜಾಗದಲ್ಲಿ ಹುಟ್ಟಿ ನದಿ ಇಲ್ಲ ಎನ್ನುವುದು ಅಮ್ಮನ ಮನೆಯಲ್ಲಿ ಕೂತು ನನಗೆ ನೆಂಟರಿಲ್ಲ ಎಂದ ಹಾಗೆ.

ಇಲ್ಲಿಗೆ ಬಂದಾಗ ಗೆಳೆಯರು ಕೇಳುವ ಪ್ರಶ್ನೆ ಒಂದೇ: "ನದಿ ಅಂತೀಯಲ್ಲ, ನೀರೆಲ್ಲಿದೆ ತೋರಿಸು."

ಸರಿಯಾದ ಪ್ರಶ್ನೆ. ಉತ್ತರ ಕೊಡಲು ಇಂಗ್ಲೆಂಡಿಗೇ ಹೋಗೋಣ. ಥೇಮ್ಸ್ ನದಿಯ ಮೂಲ ಕೆಂಬಲ್ ಎಂಬ ಹಳ್ಳಿಯ ಹತ್ತಿರದ ಒಂದು ಹುಲ್ಲುಗಾವಲಿನಲ್ಲಿದೆ. ಒಂದು ಮರ, ಅದರ ಕೆಳಗೆ ಒಂದು ಕಲ್ಲು, ಇದೇ ಮೂಲ ಎಂದು ಕಲ್ಲಿನ ಮೇಲೆ ಬರೆದಿದೆ. ವರ್ಷದ ಬಹಳ ದಿನ ಆ ಕಲ್ಲಿನ ಬಳಿ ಒಂದು ಲೋಟ ನೀರೂ ಇರುವುದಿಲ್ಲ. 2022ರ ಬೇಸಿಗೆಯಲ್ಲಂತೂ ಬರ ಬಿದ್ದು ಮೂಲದಿಂದ ಸುಮಾರು ಎಂಟು ಕಿಲೋಮೀಟರ್ ಕೆಳಗಿನವರೆಗೆ ಪಾತ್ರ ಒಣಗಿತ್ತು. ಆದರೂ ಯಾವ ಇಂಗ್ಲಿಷ್ ಹುಡುಗನೂ ನಮ್ಮೂರಿನಲ್ಲಿ ಥೇಮ್ಸ್ ಇಲ್ಲ ಎನ್ನಲಿಲ್ಲ. ಒಣಗಿದ ಪಾತ್ರವನ್ನೇ ನೋಡಲು ಜನ ನಡೆದುಕೊಂಡು ಹೋಗುತ್ತಾರೆ, ಕಲ್ಲಿನ ಪಕ್ಕ ನಿಲ್ಲುತ್ತಾರೆ. ಅದೇ 2022ರ ಸೆಪ್ಟೆಂಬರ್‌ನಲ್ಲಿ ನಮ್ಮ ವೇದಾವತಿಯ ಮೇಲಿನ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರ ನಂತರ ಮೊದಲ ಸಲ ಕೋಡಿ ಬಿದ್ದಿತು. 89 ವರ್ಷ. ಅವತ್ತು ಹಿರಿಯೂರಿಗೆ ಹೋದ ಜನಜಾತ್ರೆಯಲ್ಲಿ ನಮ್ಮ ಕಡೆಯವರೂ ಇದ್ದರು. ಥೇಮ್ಸ್ ತಲೆ ಒಣಗಿದ ವರ್ಷವೇ ನಮ್ಮ ನದಿ ತುಂಬಿ ಹೊರಳಿತು ಎಂಬುದನ್ನು ಯಾವ ಕ್ವಿಜ್‌ನಲ್ಲೂ ಕೇಳಲಿಲ್ಲ.

ನದಿಯ ತಲೆಯ ಕಡೆ ನೀರು ಕಡಿಮೆ ಇರುವುದು ಸಹಜ. ನಾವಿರುವುದು ತಲೆಯ ಕಡೆ. ಅದಕ್ಕೇ ನಮ್ಮ ಕಣ್ಣಿಗೆ ಹಳ್ಳ ಕಾಣುತ್ತದೆ, ನದಿ ಕಾಣುವುದಿಲ್ಲ.

ಅರಬ್ಬಿಯಲ್ಲಿ ವಾದಿ ಎಂಬ ಮಾತಿದೆ. ನಮ್ಮಲ್ಲಿ ಅರಬ್ಬಿ ಓದುವವರಿಗೆ ಗೊತ್ತು. ಮಳೆ ಬಂದಾಗ ಹರಿದು, ಉಳಿದ ತಿಂಗಳು ಮರಳಾಗಿ ಮಲಗಿರುವ ಹೊಳೆಯ ಪಾತ್ರಕ್ಕೆ ವಾದಿ ಎನ್ನುತ್ತಾರೆ. ನೀರಿಲ್ಲದಿದ್ದರೂ ಪ್ರತಿಯೊಂದು ವಾದಿಗೂ ಹೆಸರಿದೆ. ಮದೀನಾದ ಬಳಿ ಮಹ್ಝೂರ್ ಎಂಬ ಒಂದು ವಾದಿ ಇತ್ತು. ಮಳೆನೀರು ಬಂದಾಗ ಮೇಲಿನ ತೋಟದವರಿಗೂ ಕೆಳಗಿನ ತೋಟದವರಿಗೂ ಜಗಳ. ಪ್ರವಾದಿಯವರು (ಸ) ಕೊಟ್ಟ ತೀರ್ಪು ಹದೀಸ್ ಗ್ರಂಥಗಳಲ್ಲಿ ಬಂದಿದೆ: ಮೇಲಿನವನು ಕಣಕಾಲು ಮುಳುಗುವಷ್ಟು ನೀರು ನಿಲ್ಲಿಸಿಕೊಳ್ಳಲಿ, ಆಮೇಲೆ ಕೆಳಗಿನವನಿಗೆ ಬಿಡಲಿ. ಖರ್ಜೂರದ ತೋಟಕ್ಕೂ ತೆಂಗಿನ ತೋಟಕ್ಕೂ ಅಂಥ ವ್ಯತ್ಯಾಸವೇನಿಲ್ಲ ಅಂತ ನನಗೆ ಅನ್ನಿಸುತ್ತದೆ. ಆ ತೀರ್ಪಿನಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಇದು. ವರ್ಷಕ್ಕೆ ಕೆಲವೇ ದಿನ ಹರಿಯುವ ಹಳ್ಳಕ್ಕೂ ಒಂದು ಕಾನೂನು ಬೇಕು, ಅದರ ಕೆಳಗೊಬ್ಬ ಇದ್ದಾನೆ ಎಂದು ಅವತ್ತೇ ಒಪ್ಪಿಕೊಂಡದ್ದು.

ನಮ್ಮ ಹಿರಿಯರೂ ಇದನ್ನು ತಿಳಿದಿದ್ದರು, ಬೇರೆ ಮಾತಿನಲ್ಲಿ. ನಮ್ಮೂರಿನ ಹೆಸರಿನಲ್ಲೇ ಕೆರೆ ಇದೆ. ಸುತ್ತ ನೋಡಿ: ಶೆಟ್ಟಿಕೆರೆ, ಹಂದನಕೆರೆ, ತುರುವೇಕೆರೆ. ಕೆರೆಗಳು ಒಂಟಿಯಾಗಿರಲಿಲ್ಲ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಇನ್ನೊಂದಕ್ಕೆ. ತೂಬು ಎತ್ತಲು ನೀರುಗಂಟಿ ಇದ್ದ. ಅಂದರೆ ನಮ್ಮ ಹಿರಿಯರು ನದಿಯನ್ನು ತುಂಡು ತುಂಡಾಗಿ ನಿಲ್ಲಿಸಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ್ದರು. 1860ರ ದಶಕದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ, ಅದೇ ಬೆಂಗಳೂರಿನ ಸ್ಯಾಂಕಿ ಕೆರೆಯ ಸ್ಯಾಂಕಿ, ಈ ಸೀಮೆಯಲ್ಲಿ ಹೊಸ ಕೆರೆ ಕಟ್ಟಲು ಜಾಗ ಹುಡುಕುವುದೇ ಒಂದು ಚಾತುರ್ಯದ ಕೆಲಸ ಎಂಬ ಅರ್ಥದಲ್ಲಿ ಬರೆದಿದ್ದಾನೆ. ಅಷ್ಟು ಕೆರೆಗಳಿದ್ದವು.

ಆದರೂ 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರದ ಬರದಲ್ಲಿ ಮೈಸೂರು ಸಂಸ್ಥಾನದ ಐದರಲ್ಲಿ ಒಂದು ಪಾಲು ಜನ ಸತ್ತರು. ಸುಮಾರು ಹತ್ತು ಲಕ್ಷ. ಆ ಬರದ ಪೆಟ್ಟಿನ ನಂತರದ ಕಾಲದಲ್ಲೇ ದೊಡ್ಡ ದೊಡ್ಡ ಕಣಿವೆಗಳಿಗೆ ಅಡ್ಡ ಕಟ್ಟುವ ಯೋಚನೆ ಬಲಗೊಂಡದ್ದು. ಬೋರನಕಣಿವೆ ಆ ಶತಮಾನದ ಕೊನೆಯಲ್ಲಿ ಬಂತು. 1898ರಲ್ಲಿ ಮಾರಿಕಣಿವೆಯ ಕೆಲಸ ಶುರುವಾಗಿ 1907ರ ಹೊತ್ತಿಗೆ ಮುಗಿಯಿತು. ಆ ಕೆಲಸ ಶುರುವಾದಾಗ ಸಂಸ್ಥಾನವನ್ನು ನೋಡಿಕೊಳ್ಳುತ್ತಿದ್ದವರು ರಾಜಮಾತೆ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ. ಜಲಾಶಯಕ್ಕೆ ಅವರದೇ ಹೆಸರು.

ಈ ಜಾಗದಲ್ಲಿ ಒಂದು ಕಾಗದದ ವಿಷಯ ಹೇಳಬೇಕು. 1892ರಲ್ಲಿ ಮದರಾಸಿಗೂ ಮೈಸೂರಿಗೂ ಒಂದು ಒಪ್ಪಂದವಾಯಿತು. ಕಾವೇರಿ ಜಗಳದ ಸುದ್ದಿ ಬಂದಾಗಲೆಲ್ಲ ಪೇಪರಿನಲ್ಲಿ ಬರುವ ಅದೇ ಒಪ್ಪಂದ. ಮದರಾಸಿನ ಒಪ್ಪಿಗೆ ಇಲ್ಲದೆ ಮೈಸೂರು ಹೊಸ ಜಲಾಶಯ ಕಟ್ಟಬಾರದ 15 ಮುಖ್ಯ ನದಿಗಳ ಪಟ್ಟಿ ಅದರಲ್ಲಿದೆ. ತುಂಗಭದ್ರೆ, ಕಾವೇರಿ, ಹೇಮಾವತಿಗಳ ಜೊತೆ ಹಗರಿ ಅಥವಾ ವೇದಾವತಿಯ ಹೆಸರೂ ಇದೆ. ಆಮೇಲೆ ಕೃಷ್ಣಾ ಜಲವಿವಾದಕ್ಕೆ ಬಚಾವತ್ ನ್ಯಾಯಮಂಡಳಿ ಕೂತಾಗ ಕೃಷ್ಣಾ ಕೊಳ್ಳವನ್ನು 12 ಉಪಕೊಳ್ಳಗಳಾಗಿ ಭಾಗ ಮಾಡಿದರು. ವೇದಾವತಿಗೆ ಕೊಟ್ಟ ಗುರುತು ಕೆ–9. ಈ ಉಪಕೊಳ್ಳದಿಂದ ಕರ್ನಾಟಕ ವರ್ಷಕ್ಕೆ 42 ಟಿಎಂಸಿಗಿಂತ ಹೆಚ್ಚು ಬಳಸಬಾರದು ಎಂದು ಮಿತಿ ಹಾಕಿದರು. ಬೋರನಕಣಿವೆಗೆ ಹರಿದು ಬರುವ ನಮ್ಮ ಹಳ್ಳಗಳೆಲ್ಲ ಆ ಕೆ–9ರ ಒಳಗೇ ಬರುತ್ತವೆ.

ನೋಡಿ ಹೇಗಿದೆ. ಕೆಳಗಿನ ರಾಜ್ಯದವರು ನಮ್ಮ ಹಳ್ಳದ ನೀರಿಗೆ 130 ವರ್ಷದ ಹಿಂದೆಯೇ ಕಾಗದ ಮಾಡಿಸಿಕೊಂಡರು. ನ್ಯಾಯಾಧೀಶರು ಅದಕ್ಕೆ ನಂಬರ್ ಕೊಟ್ಟರು, ಟಿಎಂಸಿಯಲ್ಲಿ ಅಳತೆ ಹಾಕಿದರು. ನಾವು ಮಾತ್ರ, ಅದರ ತಲೆಯ ಮೇಲೆ ಕೂತವರು, ನದಿ ಇಲ್ಲ ಎನ್ನುತ್ತೇವೆ.

ಇದನ್ನು ಅನುಕೂಲವಾದ ಸುಳ್ಳು ಎಂದೆನಲ್ಲ, ಯಾಕೆ ಎಂದು ಹೇಳುತ್ತೇನೆ. ನದಿ ಎಂದರೆ ಎಲ್ಲರದ್ದು, ಮುಟ್ಟಲು ಹೆದರಿಕೆ. ಹಳ್ಳ ಎಂದರೆ ಯಾರದ್ದೂ ಅಲ್ಲ. ಹಳ್ಳಕ್ಕೆ ಮನೆ ಕೆಡವಿದ ಮಣ್ಣು ಸುರಿಯಬಹುದು. ಮದುವೆ ಮನೆಯ ಪ್ಲಾಸ್ಟಿಕ್ ಲೋಟ, ತಟ್ಟೆ ಎಸೆಯಬಹುದು. ಕೋಳಿ ಅಂಗಡಿಯ ಚೀಲ ರಾತ್ರಿ ಹೊತ್ತು ಇಳಿಸಬಹುದು. ವರ್ಷಕ್ಕೆ ಒಂದು ಸಾಲು ತೆಂಗಿನ ಸಸಿ ಮುಂದೆ ನೆಟ್ಟು ತೋಟ ಸ್ವಲ್ಪ ಅಗಲ ಮಾಡಿಕೊಳ್ಳಬಹುದು. ರೆವಿನ್ಯೂ ದಾಖಲೆಯಲ್ಲಿ ಹಳ್ಳ ಬಿ ಖರಾಬು. ಅಂದರೆ ಸಾರ್ವಜನಿಕರ ಜಾಗ, ಯಾರ ಪಹಣಿಗೂ ಸೇರದ್ದು. ಖರಾಬು ಎಂಬ ಮಾತು ಕೇಳಿ ಅದು ಕೆಟ್ಟ ಜಾಗ ಎಂದು ನಾವು ತಿಳಿದುಕೊಂಡಿದ್ದೇವೆ. ಊರಿನ ಅತ್ಯಂತ ಒಳ್ಳೆಯ ಜಾಗಕ್ಕೆ ಅಂಥ ಹೆಸರು ಬಿತ್ತಲ್ಲ ಅಂತ ನನಗೆ ಬೇಜಾರು.

ಮರಳಿನ ವಿಷಯ ಎಲ್ಲರಿಗೂ ಗೊತ್ತಿದ್ದರೂ ಹೇಳುತ್ತೇನೆ. ಒಣ ಹಳ್ಳದ ಮರಳು ಸುಮ್ಮನೆ ಬಿದ್ದಿರುವುದಿಲ್ಲ. ಮಳೆಗಾಲದ ನೀರನ್ನು ಕುಡಿದು, ಬಿಸಿಲಿಗೆ ಆವಿಯಾಗದ ಹಾಗೆ ಒಳಗೆ ಇಟ್ಟುಕೊಂಡಿರುತ್ತದೆ. ಮೆಲ್ಲಗೆ ಅಕ್ಕಪಕ್ಕದ ಬಾವಿಗಳಿಗೆ ಬಿಡುತ್ತದೆ. ನಮ್ಮ ಜಿಲ್ಲೆಯಲ್ಲಿ ತಲಪರಿಗೆ ಎಂಬುದು ಇದ್ದದ್ದು ಹೀಗೆ. ಹೊಳೆಯ ಪಾತ್ರದಲ್ಲೋ ಕೆರೆಯ ಅಂಗಳದಲ್ಲೋ ಸ್ವಲ್ಪ ತೋಡಿದರೆ ಸಾಕು, ಒರತೆ ಜಿನುಗುತ್ತಿತ್ತು. ಅದರಿಂದ ಸಣ್ಣ ಕಾಲುವೆ ತೆಗೆದು ಊರಿನವರು ಸರದಿಯಲ್ಲಿ ಗದ್ದೆಗೆ ನೀರು ಕಟ್ಟುತ್ತಿದ್ದರು. ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಹೂಳು ತೆಗೆಯುತ್ತಿದ್ದರು. ಕರೆಂಟು ಬೇಡ, ಮೋಟಾರು ಬೇಡ. ಮರಳು ಲಾರಿ ಹತ್ತಿ ಹೋದಮೇಲೆ, ಬೋರ್‌ವೆಲ್ ನೂರಾರು ಅಡಿ ಇಳಿದಮೇಲೆ ತಲಪರಿಗೆಗಳು ಬತ್ತಿದವು. ಮಳೆನೀರು ಈಗ ಹಳ್ಳದಲ್ಲಿ ನಿಲ್ಲುವುದಿಲ್ಲ. ಬಂದ ದಿನವೇ ಕೆಂಪಗೆ ಓಡಿಹೋಗುತ್ತದೆ, ಇಲ್ಲವೇ ಒತ್ತುವರಿಯಾದ ಕಡೆ ದಾರಿ ಸಿಗದೆ ತೋಟಕ್ಕೂ ಮನೆಗೂ ನುಗ್ಗುತ್ತದೆ. ನದಿಗೆ ತನ್ನ ದಾರಿ ನೆನಪಿರುತ್ತದೆ, ಮರೆತವರು ನಾವು.

ಗುಡ್ಡಗಳ ಕಥೆಯನ್ನೂ ಒಂದು ಸಾಲಿನಲ್ಲಿ ಹೇಳಲೇಬೇಕು. ಹಳ್ಳಗಳು ಹುಟ್ಟುವ ಚಿಕ್ಕನಾಯಕನಹಳ್ಳಿಯ ಗುಡ್ಡಸಾಲಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರಿನ ಗಣಿಗಳು ನಡೆದವು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಜೊತೆಗೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ಗಣಿಗಾರಿಕೆ ನಿಲ್ಲಿಸಿತು. ಗುಡ್ಡ ಅಗೆದ ಮಣ್ಣು ಮಳೆಗೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಉತ್ತರ ಹಳ್ಳ. ಹಳ್ಳದಿಂದ ಕೆರೆಗೆ ಹೂಳು.

ಈಗ ಒಂದು ಲೆಕ್ಕ ಮಾಡೋಣ, ಪಿಯುಸಿ ಹುಡುಗರಿಗೆ ಕಷ್ಟವಲ್ಲ. 30 ಅಡಿಗೆ ಒಂದರಂತೆ ನೆಟ್ಟರೆ ಎಕರೆಗೆ 48 ತೆಂಗು. ಗಿಡಕ್ಕೆ ದಿನಕ್ಕೆ 50 ಲೀಟರ್ ಕೊಟ್ಟರೂ ವರ್ಷಕ್ಕೆ ಎಕರೆಗೆ ಒಂಬತ್ತು ಲಕ್ಷ ಲೀಟರ್ ದಾಟುವುದಿಲ್ಲ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ ಅದೇ ಎಕರೆಯ ಮೇಲೆ ಬೀಳುವ ನೀರು 24 ಲಕ್ಷ ಲೀಟರ್. ಅದರಲ್ಲಿ ಬಿಸಿಲಿಗೆ ಹೋಗುವುದು ಬಹಳ, ಎಲ್ಲವನ್ನೂ ಹಿಡಿಯಲು ಆಗುವುದಿಲ್ಲ, ಕೆಳಗಿನವರಿಗೂ ಹೋಗಬೇಕು. ಒಪ್ಪಿದೆ. ಆದರೆ ಆಕಾಶದಿಂದ ನಮಗೆ ಏನೂ ಬರುತ್ತಿಲ್ಲ ಎಂಬಂತೆ ಮಾತಾಡುವುದು ಲೆಕ್ಕಕ್ಕೆ ನಿಲ್ಲುವುದಿಲ್ಲ.

ಹೇಮಾವತಿ ಬೇಡ, ಭದ್ರಾ ಬೇಡ ಎಂದು ಯಾರಾದರೂ ನನ್ನ ಮಾತನ್ನು ತಿರುಚಬಾರದು. ಹೇಮಾವತಿ ನೀರಿಗಾಗಿ ನಮ್ಮ ಜಿಲ್ಲೆಯವರು ಮಾಡುವ ಹೋರಾಟ ನ್ಯಾಯವಾದದ್ದು. 2024–25ರಲ್ಲಿ ಲಿಂಕ್ ಕೆನಾಲ್ ವಿರುದ್ಧ ಜನ ಬೀದಿಗಿಳಿದದ್ದನ್ನು ನಾವೆಲ್ಲ ನೋಡಿದೆವು. ಭದ್ರಾ ಮೇಲ್ದಂಡೆ ಯೋಜನೆಯಲ್ಲೂ ನಮ್ಮ ತಾಲ್ಲೂಕಿನ ಹೆಸರಿದೆ. 29.90 ಟಿಎಂಸಿ ನೀರು, 2,25,515 ಹೆಕ್ಟೇರ್ ಭೂಮಿ, 367 ಕೆರೆ ಎಂದು ಯೋಜನೆಯ ಲೆಕ್ಕ. 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಎಂದು ಘೋಷಣೆಯೂ ಆಯಿತು. ಬರಲಿ, ಬೇಗ ಬರಲಿ. ಆದರೆ ಆ ನೀರು ಬಂದು ಸೇರುವುದು ಎಲ್ಲಿಗೆ? ಇದೇ ಕೆರೆಗಳಿಗೆ. ಕೆರೆಯಿಂದ ಕೆರೆಗೆ ಹೋಗುವುದು ಯಾವುದರಲ್ಲಿ? ಇದೇ ಹಳ್ಳಗಳಲ್ಲಿ. ಹಳ್ಳ ಮುಚ್ಚಿದ ಊರಿಗೆ ಗೊರೂರಿನಿಂದ ನೀರು ಬಿಟ್ಟರೂ ಒಂದೇ, ಗಂಗೆಯಿಂದ ಬಿಟ್ಟರೂ ಒಂದೇ. ಗೊರೂರಿನ ಗೇಟಿನ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾವು ನಮ್ಮ ಕೆರೆಗೆ ಬರುವ ಹಳ್ಳದ ಬಗ್ಗೆ ಐದು ನಿಮಿಷ ಮಾತಾಡುವುದಿಲ್ಲ. ಯಾಕೆಂದರೆ ಗೊರೂರಿನ ಮಾತಿನಲ್ಲಿ ತಪ್ಪು ಯಾವಾಗಲೂ ಬೇರೆಯವರದ್ದು. ಹಳ್ಳದ ಮಾತು ತೆಗೆದರೆ ಪಕ್ಕದ ಮನೆಯವರ ಜೊತೆ ಜಗಳ ಆಗುತ್ತದೆ.

ಕೆಟ್ಟ ನದಿ ಸರಿಯಾಗುವುದಿಲ್ಲ ಎನ್ನುವವರಿಗೆ ಮತ್ತೆ ಥೇಮ್ಸ್ ಕಥೆ. 1858ರ ಬೇಸಿಗೆಯಲ್ಲಿ ಆ ನದಿ ಎಷ್ಟು ನಾರಿತೆಂದರೆ ದಡದಲ್ಲೇ ಇರುವ ಪಾರ್ಲಿಮೆಂಟಿನಲ್ಲಿ ಸದಸ್ಯರಿಗೆ ಕೂರಲು ಆಗಲಿಲ್ಲ. ಕಿಟಕಿ ಪರದೆಗಳನ್ನು ಸುಣ್ಣದ ದ್ರಾವಣದಲ್ಲಿ ಅದ್ದಿ ತೂಗುಹಾಕಿದರು. ಕೂಡಲೇ ಕಾನೂನು ಬಂತು, ಬ್ಯಾಝಲ್‌ಜೆಟ್ ಎಂಬ ಎಂಜಿನಿಯರ್ ಲಂಡನ್ನಿಗೆ ಒಳಚರಂಡಿ ಕಟ್ಟಿದ. ಆಮೇಲೂ ಹಾಳಾಗಿ 1957ರಲ್ಲಿ ಆ ನದಿಯ ಲಂಡನ್ ಭಾಗದಲ್ಲಿ ಜೀವವೇ ಇಲ್ಲ ಎಂದರು. 1974ರಲ್ಲಿ ಅದೇ ನೀರಿನಲ್ಲಿ ಮತ್ತೆ ಸಾಲ್ಮನ್ ಮೀನು ಸಿಕ್ಕಿತು. ನಮ್ಮ ಹಳ್ಳ ವಿಧಾನಸೌಧದ ಪಕ್ಕ ಹರಿಯುವುದಿಲ್ಲ, ಅದು ನಮ್ಮ ದುರದೃಷ್ಟ. ಅದರ ವಾಸನೆ ಬಡಿಯಬೇಕಾದ ಮೂಗು ನಮ್ಮದೇ.

ಕಾಲೇಜಿನಿಂದ ಏನು ಮಾಡಬಹುದು? ಎನ್‌ಎಸ್‌ಎಸ್ ಶಿಬಿರದಲ್ಲಿ ಪ್ರತಿವರ್ಷ ಪೊರಕೆ ಹಿಡಿದು ಫೋಟೋ ತೆಗೆಸಿಕೊಳ್ಳುತ್ತೇವೆ, ಮಾರನೇ ದಿನ ಕಸ ಅಲ್ಲೇ ಇರುತ್ತದೆ. ಈ ವರ್ಷ ಪೊರಕೆ ಬಿಟ್ಟು ಹಳ್ಳದ ಉದ್ದಕ್ಕೆ ನಡೆಯೋಣ ಎಂಬುದು ನನ್ನ ಸಲಹೆ. ಬೋರನಕಣಿವೆಯ ಕಡೆ ಹೋಗುವ ಒಂದು ಹಳ್ಳ, ಶಿಂಷೆಯ ಕಡೆ ಹೋಗುವ ಒಂದು ಹಳ್ಳ, ಎರಡು ತಂಡ. ಪ್ರತಿ ಊರಿನಲ್ಲಿ ಮುದುಕರನ್ನು, ಮುಖ್ಯವಾಗಿ ಅಜ್ಜಿಯರನ್ನು ಕೇಳಿ ಹಳ್ಳದ ಹೆಸರು ಬರೆದುಕೊಳ್ಳೋಣ. ಬಟ್ಟೆ ಒಗೆದವರು ಅವರು, ಎಲ್ಲಿ ಎಷ್ಟು ನೀರಿತ್ತು ಎಂಬುದು ಅವರಿಗೇ ಗೊತ್ತು. ಎಲ್ಲಿ ತಲಪರಿಗೆ ಇತ್ತು, ಎಲ್ಲಿ ಮಡು ಇತ್ತು ಎಂದು ಗುರುತು ಹಾಕೋಣ. ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್ ನಮ್ಮ ಮೊಬೈಲಿನಲ್ಲೇ ಸಿಗುತ್ತದೆ. ನಿಂತ ಜಾಗ ಯಾವ ಸರ್ವೆ ನಂಬರಿನದ್ದು ಎಂದು ತೋರಿಸುತ್ತದೆ. ನಕಾಶೆಯಲ್ಲಿ ಹಳ್ಳ ಎಷ್ಟು ಅಗಲವಿದೆ, ನೆಲದ ಮೇಲೆ ಎಷ್ಟು ಉಳಿದಿದೆ ಎಂದು ಟೇಪು ಹಿಡಿದು ಅಳೆಯೋಣ. ಯಾರ ಹೆಸರೂ ಬರೆಯುವುದು ಬೇಡ, ಯಾರ ಮೇಲೂ ದೂರು ಬೇಡ. ಅಳತೆ ಮಾತ್ರ ಬರೆದು ಗ್ರಾಮಸಭೆಗೆ ಕೊಡೋಣ. ಅಲ್ಲಿ ಅದನ್ನು ಯಾರು ಓದುತ್ತಾರೆ, ಯಾರು ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾರೆ ಎಂಬುದನ್ನೂ ನೋಡಬಹುದು.

ಇನ್ನೊಂದು ಸಣ್ಣ ವಿಷಯ ನಮ್ಮ ಮಸೀದಿಗಳಿಗೆ, ನಮ್ಮ ಕಾಲೇಜಿನ ವಝೂ ಖಾನೆಗೂ ಸೇರಿ. ಹರಿಯುವ ಹೊಳೆಯ ದಡದಲ್ಲಿ ಕೂತು ವಝೂ ಮಾಡಿದರೂ ನೀರು ಪೋಲು ಮಾಡಬಾರದು ಎಂಬ ಹದೀಸನ್ನು ನಾವು ಚಿಕ್ಕಂದಿನಲ್ಲೇ ಕಲಿತಿರುತ್ತೇವೆ. ಜುಮಾ ದಿನ ಹರಿದುಹೋಗುವ ನೀರು ಸೋಪಿಲ್ಲದ, ಎಣ್ಣೆಯಿಲ್ಲದ ನೀರು. ಚರಂಡಿಗೆ ಬಿಡುವ ಬದಲು ಒಂದು ಪೈಪು ಹಾಕಿದರೆ ಹತ್ತಾರು ತೆಂಗಿನ ಗಿಡಕ್ಕೆ ಸಾಕು. ಇದಕ್ಕೆ ಯೋಜನೆ ಬೇಡ, ಬಜೆಟ್ ಬೇಡ, ಪ್ಲಂಬರ್ ಒಂದು ದಿನ ಬಂದರೆ ಆಯಿತು.

ಕೊನೆಗೆ ಸೇತುವೆಗಳ ವಿಷಯ. ದೊಡ್ಡ ರಸ್ತೆಯ ಸೇತುವೆಗಳ ಮೇಲೆ ನದಿಯ ಹೆಸರು ಬರೆದ ಹಸಿರು ಬೋರ್ಡು ಇರುತ್ತದೆ. ನಮ್ಮ ಸಣ್ಣ ರಸ್ತೆಗಳ ಮೋರಿಗಳ ಮೇಲೆ ಅದು ಇಲ್ಲ. ಹಳ್ಳ ದಾಟಿದ್ದೇವೆ ಎಂಬುದೇ ಬಸ್ಸಿನಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ಒಂದು ತಗಡಿನ ಬೋರ್ಡಿಗೆ, ಬಣ್ಣಕ್ಕೆ ಎಷ್ಟು ಖರ್ಚಾದೀತು? ಪಂಚಾಯಿತಿಯವರು ಒಪ್ಪಿದರೆ ನಾವೇ ಬರೆಯುತ್ತೇವೆ. ಹಳ್ಳದ ಹೆಸರು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಈ ನೀರು ಹೋಗುವ ದಾರಿ: ಸುವರ್ಣಮುಖಿ, ವೇದಾವತಿ, ತುಂಗಭದ್ರಾ, ಕೃಷ್ಣಾ. ಇನ್ನೊಂದು ಮೋರಿಯ ಮೇಲೆ: ಶಿಂಷಾ, ಕಾವೇರಿ. ಚೆನ್ನಾಗಿ ಬರೆಯುವ ಕೈ ಯಾರದ್ದಿದೆಯೋ ಅವರು ಎನ್‌ಎಸ್‌ಎಸ್ ಮೇಷ್ಟ್ರ ಹತ್ತಿರ ಹೆಸರು ಕೊಡಿ. ಉರ್ದುವಿನಲ್ಲೂ ಒಂದು ಸಾಲು ಬರೆಯಬಲ್ಲವರಿದ್ದರೆ ಇನ್ನೂ ಒಳ್ಳೆಯದು.